ನೆನಪಿಟ್ಟುಕೊಂಡವರಿಗೆ ಮಾತ್ರ

1960ರ ದಶಕದಲ್ಲಿ ಮಾರ್ವೆಲ್ ಕಾಮಿಕ್ಸ್ ತನ್ನ ಓದುಗರಿಗೆ ಒಂದು ವಿಚಿತ್ರ ಬಹುಮಾನ ಕೊಡುತ್ತಿತ್ತು. ಹಿಂದಿನ ಸಂಚಿಕೆಯಲ್ಲಿ ಹೇಳಿದ್ದಕ್ಕೂ ಈ ಸಂಚಿಕೆಗೂ ತಾಳೆಯಾಗುತ್ತಿಲ್ಲ ಎಂದು ಹುಡುಗರು ಕಾಗದ ಬರೆಯುತ್ತಿದ್ದರು. ಅಲ್ಲಿಗೇ ನಿಲ್ಲದೆ, ಅದು ತಪ್ಪೇ ಅಲ್ಲ ಎಂದು ಚೆಂದದ ಸಮಜಾಯಿಷಿ ಹೊಸೆದುಕೊಟ್ಟವರಿಗೆ ಸಂಪಾದಕ ಸ್ಟ್ಯಾನ್ ಲೀ ಕಡೆಯಿಂದ ಒಂದು ಲಕೋಟೆ ಬರುತ್ತಿತ್ತು. ಒಳಗೆ ಅಸಲಿ ‘ನೋ-ಪ್ರೈಜ್’ ಇದೆ ಎಂದು ಮೇಲೆ ಅಚ್ಚು ಹಾಕಿರುತ್ತಿತ್ತು. ಒಡೆದು ನೋಡಿದರೆ ಒಳಗೆ ಏನೂ ಇಲ್ಲ. ತಮಾಷೆ ತಿಳಿಯದೆ, ಬಂದ ಲಕೋಟೆ ಖಾಲಿ ಇದೆ ಎಂದು ಮತ್ತೆ ಕಾಗದ ಬರೆದವರೂ ಇದ್ದರಂತೆ.

ಮಾರ್ವೆಲ್ ಪರಂಪರೆಯ ಗುಟ್ಟು ಈ ಲಕೋಟೆಯಲ್ಲಿದೆ. ಹಾರುವವರನ್ನೂ ಬೆಟ್ಟ ಎತ್ತುವವರನ್ನೂ ಬೇರೆಯವರೂ ಸೃಷ್ಟಿಸಿದ್ದರು. ಹಿಂದಿನದನ್ನೆಲ್ಲ ನೆನಪಿಟ್ಟುಕೊಂಡು, ಕತೆಯ ತೂತುಗಳಿಗೆ ತಾನೇ ತೇಪೆ ಹಾಕಿ, ಅದಕ್ಕೆ ಕೂಲಿಯನ್ನೂ ಕೇಳದ ಓದುಗನನ್ನು ಸೃಷ್ಟಿಸಿದ್ದು ಮಾರ್ವೆಲ್. ಅದರ ಸಿನಿಮಾಗಳು ಗೆದ್ದದ್ದು ಈ ಓದುಗನನ್ನು ಕೋಟಿಗಟ್ಟಲೆ ಬೆಳೆಸಿದ್ದರಿಂದ. ಈಗ ಮುಗ್ಗರಿಸುತ್ತಿರುವುದೂ ಅವನನ್ನೇ ನೆಚ್ಚಿಕೊಂಡು ಕೂತದ್ದರಿಂದ.

1996ರಲ್ಲಿ ದಿವಾಳಿಯೆದ್ದ ಕಂಪನಿ ಇದು. ಸ್ಪೈಡರ್‌ಮ್ಯಾನ್ ಸೋನಿ ಪಾಲಾಗಿದ್ದ, ಎಕ್ಸ್‌ಮೆನ್ ಫಾಕ್ಸ್ ಪಾಲಾಗಿದ್ದರು. ಉಳಿದವರು ಎರಡನೇ ಸಾಲಿನ ನಾಯಕರು. ಅವರನ್ನೇ ಒತ್ತೆಯಿಟ್ಟು 2005ರಲ್ಲಿ ಮೆರಿಲ್ ಲಿಂಚ್ ಮೂಲಕ 52.5 ಕೋಟಿ ಡಾಲರ್ ಸಾಲದ ವ್ಯವಸ್ಥೆ ಮಾಡಿಕೊಂಡು ಸಿನಿಮಾ ತೆಗೆಯಲು ಇಳಿದರು. 2008ರ ‘ಐರನ್ ಮ್ಯಾನ್’ ಗೆದ್ದಿತು. ಆ ಸಿನಿಮಾದಲ್ಲಿ ಹೆಸರುಗಳೆಲ್ಲ ಉರುಳಿ ಮುಗಿದ ಮೇಲೆ ಅರ್ಧ ನಿಮಿಷದ ಒಂದು ತುಣುಕು ಬರುತ್ತದೆ: ಕಣ್ಣಿಗೆ ಪಟ್ಟಿ ಕಟ್ಟಿದ ನಿಕ್ ಫ್ಯೂರಿ ಕತ್ತಲಲ್ಲಿ ನಿಂತು, ಈ ಲೋಕದಲ್ಲಿ ನೀನೊಬ್ಬನೇ ಅಲ್ಲ ಎಂಬರ್ಥದ ಮಾತಾಡುತ್ತಾನೆ. ಶುಭಂ ಬೀಳುವ ಮೊದಲೇ ಬಾಗಿಲತ್ತ ಧಾವಿಸುವ ನಮ್ಮ ಪ್ರೇಕ್ಷಕರನ್ನೂ ಮುಂದಿನ ವರ್ಷಗಳಲ್ಲಿ ಈ ಬಗೆಯ ತುಣುಕುಗಳು ಕುರ್ಚಿಗೆ ಕಟ್ಟಿಹಾಕಿದವು. ಪೊರಕೆ ಹಿಡಿದ ಸಿಬ್ಬಂದಿ ಪಕ್ಕದಲ್ಲಿ ಕಾಯುತ್ತ ನಿಂತಿದ್ದರೂ ಹುಡುಗರು ಏಳುತ್ತಿರಲಿಲ್ಲ. 2009ರಲ್ಲಿ ಡಿಸ್ನಿ ಸುಮಾರು 400 ಕೋಟಿ ಡಾಲರ್ ಕೊಟ್ಟು ಮಾರ್ವೆಲನ್ನು ಕೊಂಡಿತು. 2019ರ ‘ಎಂಡ್‌ಗೇಮ್’ ಹೊತ್ತಿಗೆ ಹನ್ನೊಂದು ವರ್ಷ, ಇಪ್ಪತ್ತೆರಡು ಸಿನಿಮಾ. ಆ ಒಂದರ ಗಳಿಕೆಯೇ ಸುಮಾರು 280 ಕೋಟಿ ಡಾಲರ್.

ಇದನ್ನೆಲ್ಲ ನೋಡುತ್ತಿದ್ದವರು ಯಾರು? ಕೋಣೆಯಲ್ಲಿ ಒಬ್ಬನೇ ಕೂತು ಕಾಮಿಕ್ಸ್ ಓದುವ ಹದಿಹರೆಯದ ಹುಡುಗ ಎಂಬ ಚಿತ್ರ ನಮ್ಮ ತಲೆಯಲ್ಲಿದೆ. ಅದು ಅರ್ಧ ನಿಜ. ಅಮೆರಿಕದಲ್ಲಿ ಬಿಡುಗಡೆಯ ವಾರಾಂತ್ಯದಲ್ಲೇ ಪ್ರೇಕ್ಷಕರನ್ನು ಮಾತಾಡಿಸಿ ಲೆಕ್ಕ ತೆಗೆಯುವ ಪದ್ಧತಿ ಇದೆ. ಆ ಲೆಕ್ಕದಲ್ಲಿ ಗಂಡಸರ ಪಾಲು ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು, ಆದರೆ ಹೆಂಗಸರ ಪಾಲು ತಳ್ಳಿಹಾಕುವಷ್ಟು ಸಣ್ಣದೇನಲ್ಲ. ಎದುರಾಳಿ ಡಿಸಿ ಬಳಗದ ‘ವಂಡರ್ ವುಮನ್’ಗೆ 2017ರಲ್ಲಿ ಬಂದವರಲ್ಲಿ ಶೇ. 52ರಷ್ಟು ಹೆಂಗಸರೇ. ಮರುವರ್ಷ ‘ಬ್ಲ್ಯಾಕ್ ಪ್ಯಾಂಥರ್’ಗೆ ಬಂದವರಲ್ಲಿ ಶೇ. 37ರಷ್ಟು ಕಪ್ಪು ಜನ. ಇಂಥ ಸಿನಿಮಾಗಳಿಗೆ ಅವರ ಪಾಲು ಸಾಮಾನ್ಯವಾಗಿ ಶೇ. 15ರ ಆಸುಪಾಸು. ಪರದೆಯ ಮೇಲೆ ಕಾಣುವ ಮುಖ ಬದಲಾದರೆ ಟಿಕೆಟ್ ಸಾಲಿನ ಮುಖವೂ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಆದರೆ ಈ ಲೆಕ್ಕಗಳಲ್ಲಿ ಹೆಣ್ಣು, ಗಂಡು, ಕಪ್ಪು, ಬಿಳಿ ಎಂದು ಹುಡುಕುವವರು ವಯಸ್ಸನ್ನು ಮರೆಯುತ್ತಾರೆ. 2008ರಲ್ಲಿ ಹನ್ನೆರಡರ ಹುಡುಗಿಗೆ ‘ಎಂಡ್‌ಗೇಮ್’ ಹೊತ್ತಿಗೆ ಇಪ್ಪತ್ಮೂರು. ಶಾಲೆ, ಕಾಲೇಜು, ಮೊದಲ ಸಂಬಳ, ಎಲ್ಲದರ ಜೊತೆಗೆ ಐರನ್ ಮ್ಯಾನ್ ಟೋನಿ ಸ್ಟಾರ್ಕ್ ಇದ್ದ. ಅವನು ಸತ್ತಾಗ ಅವಳು ಅತ್ತದ್ದು ಒಬ್ಬ ನಾಯಕನಿಗಾಗಿ ಮಾತ್ರವಲ್ಲ. ಆ ಅಭಿಮಾನಿ ಬಳಗವನ್ನು ಕಟ್ಟಿದ್ದು ಲಿಂಗವೂ ಅಲ್ಲ, ಜನಾಂಗವೂ ಅಲ್ಲ. ಒಟ್ಟಿಗೆ ಬೆಳೆದ ಒಂದು ಪೀಳಿಗೆಯ ನೆನಪು.

ಕರ್ನಾಟಕದಲ್ಲಿ ಈ ಪೀಳಿಗೆ ಇನ್ನೂ ಕಿರಿದು. ಡಬ್ಬಿಂಗ್‌ಗೆ ನಮ್ಮಲ್ಲಿ ದಶಕಗಳ ಕಾಲ ಇದ್ದ ತಡೆಯನ್ನು ಸ್ಪರ್ಧಾ ಆಯೋಗ 2015ರಲ್ಲಿ ತಪ್ಪೆಂದು ಹೇಳಿದರೂ, ‘ಎಂಡ್‌ಗೇಮ್’ ಭಾರತದಲ್ಲಿ ಬಂದದ್ದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ. ದೇಶದಲ್ಲಿ 370 ಕೋಟಿ ರೂಪಾಯಿಗೂ ಹೆಚ್ಚು ಬಾಚಿದ ಆ ಸಿನಿಮಾ ಕನ್ನಡ ಆಡಲಿಲ್ಲ. ಹೀಗಾಗಿ ಇಲ್ಲಿನ ಮಾರ್ವೆಲ್ ಅಭಿಮಾನ ಬಹುಮಟ್ಟಿಗೆ ಇಂಗ್ಲಿಷ್ ಮೀಡಿಯಂ ಮಕ್ಕಳದ್ದು, ಮಾಲ್‌ಗಳದ್ದು. ಕಟೌಟಿಗೆ ಹಾಲೆರೆಯುವ ನಮ್ಮ ಅಭಿಮಾನಿ ಸಂಘಗಳಿಗೆ ನಟನೇ ದೇವರು. ಮಾರ್ವೆಲ್ ಭಕ್ತರು ಇದನ್ನು ಕಂಡು ಮೂಗು ಮುರಿಯುವುದುಂಟು: ನಾವು ಪಾತ್ರವನ್ನು ಪ್ರೀತಿಸುವವರು, ನಟ ಯಾರಾದರೇನು ಎಂದು. ಆ ಜಂಬ ಎಷ್ಟು ಗಟ್ಟಿ ಎಂಬುದನ್ನು ಮುಂದೆ ನೋಡೋಣ.

‘ಎಂಡ್‌ಗೇಮ್’ ನಂತರ ಆದದ್ದೇನು? 2021 ಮತ್ತು 2022, ಈ ಎರಡೇ ವರ್ಷದಲ್ಲಿ ಏಳು ಸಿನಿಮಾ, ಜೊತೆಗೆ ಡಿಸ್ನಿಯ ಓಟಿಟಿಯಲ್ಲಿ ಎಂಟು ಸರಣಿ. 2023ರ ನವೆಂಬರಿನಲ್ಲಿ ಬಂದ ‘ದಿ ಮಾರ್ವೆಲ್ಸ್’ ಅನ್ನೇ ತೆಗೆದುಕೊಳ್ಳಿ. ಅದರಲ್ಲಿ ಮೂವರು ನಾಯಕಿಯರು. ಒಬ್ಬಳು ಕ್ಯಾಪ್ಟನ್ ಮಾರ್ವೆಲ್, ಅವಳ ಹಿನ್ನೆಲೆ 2019ರ ಅದೇ ಹೆಸರಿನ ಸಿನಿಮಾದಲ್ಲಿದೆ. ಇನ್ನೊಬ್ಬಳಿಗೆ ಶಕ್ತಿ ಬಂದದ್ದು ‘ವಾಂಡಾವಿಷನ್’ ಎಂಬ ಓಟಿಟಿ ಸರಣಿಯಲ್ಲಿ. ಮೂರನೆಯವಳು ಜೆರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಹುಡುಗಿ ಕಮಲಾ ಖಾನ್. ಅವಳ ಮನೆ, ಅಮ್ಮ, ದೇಶ ವಿಭಜನೆಯ ರೈಲು ಎಲ್ಲವೂ ಮತ್ತೊಂದು ಸರಣಿಯಲ್ಲಿ. ಕಮಲಾ ಆ ಸಿನಿಮಾದ ಜೀವ. ಆ ಪಾತ್ರದ ನಟಿ ಇಮಾನ್ ವೆಲಾನಿ ಪರದೆ ಮೇಲಿದ್ದಷ್ಟು ಹೊತ್ತು ಸಿನಿಮಾ ಉಸಿರಾಡುತ್ತದೆ. ಆದರೆ ಕಮಲಾಳ ತಾಯಿ ಯಾಕೆ ಅಷ್ಟು ಗಾಬರಿಯಾಗುತ್ತಾಳೆ ಎಂದು ತಿಳಿಯಲು ಪ್ರೇಕ್ಷಕ ಮೊದಲೇ ಆರು ಕಂತು ನೋಡಿ ಬಂದಿರಬೇಕು. ಸಿನಿಮಾ ಒಂದೂಮುಕ್ಕಾಲು ಗಂಟೆ, ಅದಕ್ಕೆ ಬೇಕಾದ ಪೂರ್ವತಯಾರಿ ಹತ್ತು ಗಂಟೆಗೂ ಮೇಲೆ. ಗಳಿಕೆ 20 ಕೋಟಿ ಡಾಲರ್ ಚಿಲ್ಲರೆ, ಈ ಸರಣಿಯಲ್ಲೇ ಅತಿ ಕಡಿಮೆ.

ಸೋಲು ಕಂಡ ಕೂಡಲೇ ಒಂದು ಗುಂಪು ಕೈ ತೋರಿಸಿದ್ದು ನಾಯಕಿಯರತ್ತ. ಹೆಣ್ಣುಮಕ್ಕಳನ್ನು ಮುಂದೆ ತಂದಿರಿ, ಗಂಡುಹುಡುಗರು ಎದ್ದು ಹೋದರು ಎಂಬ ವಾದ. ಇದೇ ಕ್ಯಾಪ್ಟನ್ ಮಾರ್ವೆಲ್, ಇದೇ ನಟಿ ಬ್ರೀ ಲಾರ್ಸನ್, 2019ರಲ್ಲಿ ಒಬ್ಬಳೇ 113 ಕೋಟಿ ಡಾಲರ್ ತಂದದ್ದನ್ನು ಇವರು ಮರೆಯುತ್ತಾರೆ. ‘ದಿ ಮಾರ್ವೆಲ್ಸ್’ಗಿಂತ ಒಂಬತ್ತು ತಿಂಗಳ ಹಿಂದೆ ಬಂದ ‘ಕ್ವಾಂಟಮೇನಿಯಾ’ದ ನಾಯಕ ಗಂಡಸೇ, ಎರಡನೇ ವಾರಾಂತ್ಯಕ್ಕೆ ಅದರ ಗಳಿಕೆ ಶೇ. 70ರಷ್ಟು ಕುಸಿದಿತ್ತು. ಲಾಸ್ ವೇಗಸ್‌ನ ಸಿನಿಮಾಸ್ಕೋರ್ ಸಂಸ್ಥೆ ಮೊದಲ ದಿನದ ಪ್ರೇಕ್ಷಕರ ಕೈಗೆ ಚೀಟಿ ಕೊಟ್ಟು ದರ್ಜೆ ಹಾಕಿಸುತ್ತದೆ. ‘ಎಂಡ್‌ಗೇಮ್’ಗೆ ಎ ಪ್ಲಸ್ ಹಾಕಿದ ಜನ ಈ ಎರಡಕ್ಕೂ ಹಾಕಿದ್ದು ಬರೀ ಬಿ. ಮೊದಲ ದಿನವೇ ಓಡಿ ಬರುವವರು ಅಭಿಮಾನಿಗಳು, ಎದುರಾಳಿಗಳಲ್ಲ.

ಹೊರಗಿನ ಕಾರಣಗಳೂ ಇದ್ದವು. ‘ಎಂಡ್‌ಗೇಮ್’ಗೆ 60 ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟ ಚೀನಾ, ಆಮೇಲೆ ಕೆಲವು ವರ್ಷ ಮಾರ್ವೆಲ್ ಸಿನಿಮಾಗಳಿಗೆ ಬಾಗಿಲು ಹಾಕಿತ್ತು. ಪ್ರಚಾರಕ್ಕೆ ಅಡ್ಡಿಯಾದ ಹಾಲಿವುಡ್ ನಟರ ಮುಷ್ಕರ ಮುಗಿದದ್ದು ‘ದಿ ಮಾರ್ವೆಲ್ಸ್’ ಬಿಡುಗಡೆಯ ಹಿಂದಿನ ದಿನ. ಡಿಸ್ನಿಯ ಅಂದಿನ ಮುಖ್ಯಸ್ಥ ಬಾಬ್ ಐಗರ್ ಅವರೇ 2024ರಲ್ಲಿ, ಇನ್ನು ವರ್ಷಕ್ಕೆ ಹೆಚ್ಚೆಂದರೆ ಮೂರು ಸಿನಿಮಾ, ಎರಡರಷ್ಟು ಸರಣಿ ಎಂದು ಕಡಿತ ಘೋಷಿಸಿದರು. ಆದರೆ ಕಡಿಮೆ ಮಾಡಿದರೆ ಸರಿಹೋಗುವ ಕಾಯಿಲೆ ಇದೆಂದು ನನಗನ್ನಿಸುವುದಿಲ್ಲ.

ಉದ್ದದ, ಕವಲೊಡೆದ ಕತೆ ನಮಗೇನು ಹೊಸದಲ್ಲ. ಯಕ್ಷಗಾನದ ಪ್ರಸಂಗ ಮಹಾಭಾರತದ ಯಾವುದೋ ಒಂದು ತುಂಡನ್ನು ಎತ್ತಿಕೊಂಡು ನಡುವಿನಿಂದಲೇ ಶುರುವಾಗುತ್ತದೆ. ಕರ್ಣ ಯಾರು ಎಂದು ಯಾರೂ ಕೇಳುವುದಿಲ್ಲ. ಆ ಪಾಠ ಮನೆಯಲ್ಲಿ, ಜಗಲಿಯಲ್ಲಿ, ದುಡ್ಡಿಲ್ಲದೆ ಆಗಿಹೋಗಿರುತ್ತದೆ. ಮಾರ್ವೆಲ್ ಪುರಾಣಕ್ಕೆ ಜಗಲಿಯಿಲ್ಲ. ಅದನ್ನು ತಿಂಗಳ ಚಂದಾ ಕಟ್ಟಿ ಕಲಿಯಬೇಕು. 2025ರ ಜುಲೈ 25ರಂದು ನಮ್ಮ ಚಿತ್ರಮಂದಿರಗಳಲ್ಲಿ ಮಾರ್ವೆಲ್‌ನ ‘ಫೆಂಟಾಸ್ಟಿಕ್ ಫೋರ್’ ಬಿಡುಗಡೆಯಾಯಿತು. ಅದೇ ದಿನ ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ಅನಿಮೇಷನ್ ಚಿತ್ರ ‘ಮಹಾವತಾರ್ ನರಸಿಂಹ’ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬಂತು. ಮೊದಲ ದಿನ ಸಪ್ಪೆ. ಆಮೇಲೆ ಬಾಯಿಂದ ಬಾಯಿಗೆ ಹರಡಿ, ಅಜ್ಜ ಅಜ್ಜಿಯರ ಸಮೇತ ಮನೆಮಂದಿಯೆಲ್ಲ ಬಂದು, ಗಳಿಕೆ 300 ಕೋಟಿ ರೂಪಾಯಿ ಮುಟ್ಟಿತು. ಅನಿಮೇಷನ್ ಗುಣದಲ್ಲಿ ಅದು ಹಾಲಿವುಡ್‌ಗೆ ಸಾಟಿಯಲ್ಲ. ಕೆಲವು ಕಡೆ ವಿಡಿಯೋ ಗೇಮ್ ನೋಡಿದಂತಾಗುತ್ತದೆ. ಆದರೆ ಕಂಬ ಒಡೆಯುವ ಹೊತ್ತಿಗೆ ಆರು ವರ್ಷದ ಮಗುವಿಗೂ ಅಲ್ಲಿಂದ ಯಾರು ಬರುತ್ತಾರೆ ಎಂದು ಗೊತ್ತಿತ್ತು.

ಅಮೆರಿಕದ ಕತೆಗಾರರಿಗೆ ಜಗಲಿ ಕಟ್ಟಲು ಬರುವುದಿಲ್ಲ ಎಂದೇನಲ್ಲ. ಸೋನಿಯ ‘ಸ್ಪೈಡರ್-ವರ್ಸ್’ ಅನಿಮೇಷನ್ ಚಿತ್ರಗಳಲ್ಲಿ ಪ್ರತಿ ಸ್ಪೈಡರ್‌ಮ್ಯಾನ್ ಬಂದಾಗಲೂ ತನ್ನ ಕತೆಯನ್ನು ಮೊದಲಿನಿಂದ ಪಟಪಟನೆ ಒಪ್ಪಿಸುತ್ತಾನೆ. ಗೊತ್ತಿದ್ದವರು ನಗುತ್ತಾರೆ, ಗೊತ್ತಿಲ್ಲದವರು ಒಳಗೆ ಬರುತ್ತಾರೆ. 2018ರಲ್ಲಿ 38 ಕೋಟಿ ಡಾಲರ್ ಗಳಿಸಿದ ಸರಣಿ, ಉಳಿದ ಹಲವು ಮುಗ್ಗರಿಸುತ್ತಿದ್ದ 2023ರಲ್ಲಿ 69 ಕೋಟಿ ಗಳಿಸಿತು. ಆ ಎರಡನೇ ಚಿತ್ರ ಭಾರತದಲ್ಲಿ ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ತೆರೆಕಂಡಿತು.

ಮಾರ್ವೆಲ್ ಹಿಡಿದಿರುವುದು ಬೇರೆ ದಾರಿ. 2024ರಲ್ಲಿ ಅದರ ಮಾನ ಉಳಿಸಿದ ‘ಡೆಡ್‌ಪೂಲ್ ಅಂಡ್ ವೊಲ್ವರೀನ್’ 130 ಕೋಟಿ ಡಾಲರ್ ದಾಟಿತು, ನಿಜ. ಇಪ್ಪತ್ತು ವರ್ಷ ಹಿಂದಿನ ಫಾಕ್ಸ್ ಸಿನಿಮಾಗಳ ನೆನಪನ್ನೇ ಬಂಡವಾಳ ಮಾಡಿಕೊಂಡ ಆ ಚಿತ್ರಕ್ಕೆ ಭಾರತದಲ್ಲಿ ಸಿಕ್ಕಿದ್ದು ‘ಎ’ ಪ್ರಮಾಣಪತ್ರ. ಹದಿನೆಂಟು ತುಂಬದವರಿಗೆ ಪ್ರವೇಶವಿಲ್ಲ. ಹೊಸ ಪೀಳಿಗೆಯ ಅಭಾವದಿಂದ ಸೊರಗಿದ ಸರಣಿಯ ದೊಡ್ಡ ಗೆಲುವಿಗೆ ಮಕ್ಕಳೇ ಬರುವಂತಿರಲಿಲ್ಲ. ಆ ಚಿತ್ರ ಬಿಡುಗಡೆಯಾದ ತಿಂಗಳೇ ಸ್ಯಾನ್ ಡಿಯಾಗೋ ಕಾಮಿಕ್-ಕಾನ್ ವೇದಿಕೆಯಲ್ಲಿ ಹಸಿರು ನಿಲುವಂಗಿ ತೊಟ್ಟ ಒಬ್ಬ ವ್ಯಕ್ತಿ ಮುಖವಾಡ ತೆಗೆದ: ರಾಬರ್ಟ್ ಡೌನಿ ಜೂನಿಯರ್. ತಾನೇ ವಹಿಸಿದ್ದ, ಸತ್ತ ಟೋನಿ ಸ್ಟಾರ್ಕ್ ಆಗಿ ಅಲ್ಲ, ಖಳನಾಯಕ ಡಾಕ್ಟರ್ ಡೂಮ್ ಆಗಿ. ಸಭಾಂಗಣ ಕಿತ್ತುಹೋಗುವಂತೆ ಕೂಗಿತು. ಪಾತ್ರ ಬೇರೆ, ಹೆಸರು ಬೇರೆ, ಆದರೂ ಅದೇ ಕೂಗು! ನಟ ಯಾರಾದರೇನು ಎಂದವರ ಬಾಯಿಂದಲೇ ಬಂದ ಕೂಗು ಅದು. ನಮ್ಮ ಅಭಿಮಾನಿ ಸಂಘದವರು ಅಲ್ಲಿದ್ದರೆ ಹಾಲಿನ ಕೊಡ ಕೊಟ್ಟು ಒಳಗೆ ಸೇರಿಸಿಕೊಳ್ಳುತ್ತಿದ್ದರು.

ಡೂಮ್‌ನ ಆ ಚಿತ್ರ 2026ರ ಡಿಸೆಂಬರ್‌ಗೆ ನಿಗದಿಯಾಗಿದೆ. ಅದರ ತಾರಾಗಣವನ್ನು ಪ್ರಕಟಿಸಿದ ರೀತಿಯೂ ನೋಡಬೇಕಾದದ್ದೇ. 2025ರ ಮಾರ್ಚಿನಲ್ಲಿ ಐದು ಗಂಟೆಗೂ ಹೆಚ್ಚು ಹೊತ್ತು ನೇರಪ್ರಸಾರ. ತೆರೆಯ ಮೇಲೆ ಬೆನ್ನಿಗೆ ಹೆಸರು ಬರೆದ ಕುರ್ಚಿಗಳು, ಬಹುಪಾಲು ಹೊತ್ತು ಬೇರೇನೂ ಇಲ್ಲ. ಕೆಲವು ನಿಮಿಷಕ್ಕೊಮ್ಮೆ ಕ್ಯಾಮೆರಾ ಮುಂದಿನ ಕುರ್ಚಿಗೆ ಸರಿಯುತ್ತದೆ, ಇನ್ನೊಂದು ಹೆಸರು. ಅದನ್ನು ಕಣ್ಣು ಮಿಟುಕಿಸದೆ ನೋಡಿದವರು ಅಸಂಖ್ಯ. ಇಯಾನ್ ಮೆಕೆಲನ್, ಪ್ಯಾಟ್ರಿಕ್ ಸ್ಟೀವರ್ಟ್, ಜೇಮ್ಸ್ ಮಾರ್ಸ್‌ಡನ್: 2000ದ ‘ಎಕ್ಸ್‌ಮೆನ್’ ನೋಡಿ ಬೆಳೆದು ಈಗ ನಲವತ್ತರ ಹತ್ತಿರ ಬಂದವರಿಗೆ ಒಂದೊಂದು ಹೆಸರಿಗೂ ರೋಮಾಂಚನ. ಅವರ ಹತ್ತು ವರ್ಷದ ಮಕ್ಕಳಿಗೆ ಆ ಕುರ್ಚಿಗಳಲ್ಲಿ ಯಾರು ಕೂರುತ್ತಾರೆ ಎಂದು ಹೇಳಿಕೊಡುವ ಕೆಲಸವನ್ನೂ ಸ್ಟುಡಿಯೋ ಈ ಅಪ್ಪ ಅಮ್ಮಂದಿರಿಗೇ ಬಿಟ್ಟಿದೆ, ಅದೂ ಪುಕ್ಕಟೆಯಾಗಿ.