ಒಂದು ಗಂಟೆ ಯಾರಿಗೆ?

ಶಿವಮೊಗ್ಗದ ಬಳಿಯ ಸೋಗಾನೆಯಲ್ಲಿ ವಿಮಾನ ಇಳಿದ ಮೇಲೆ ಮಲೆನಾಡಿಗೂ ಬೆಂಗಳೂರಿಗೂ ಒಂದೇ ಗಂಟೆಯ ದಾರಿ ಎಂಬ ಮಾತು ಮದುವೆ ಮನೆಯಿಂದ ಚುನಾವಣೆ ಭಾಷಣದವರೆಗೆ ಎಲ್ಲ ಕಡೆ ಕೇಳಿಬರುತ್ತಿದೆ. ಈ ಮಾತನ್ನು ನಾನು ಒಪ್ಪುವುದಿಲ್ಲ.

2023ರ ಫೆಬ್ರವರಿ 27ರಂದು ಕುವೆಂಪು ಅವರ ಹೆಸರಿನ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂತು. ರನ್‌ವೇ 3.2 ಕಿ.ಮೀ. ಇದೆ. ಎರಡು ನಿಲ್ದಾಣಗಳ ನಡುವೆ ನೇರ ಅಂತರ 240 ಕಿ.ಮೀ. ಆಸುಪಾಸು, ಏರಿ ಇಳಿಯುವುದೂ ಸೇರಿ ಒಂದು ಗಂಟೆ. ಅದು ಸುಳ್ಳಲ್ಲ. ಆದರೆ ಅದು ವಿಮಾನದ ಪ್ರಯಾಣ, ಮನುಷ್ಯರದ್ದಲ್ಲ.

ಜೋಗದಿಂದ ಹೊರಟವರ ಲೆಕ್ಕ ನೋಡಿ. ತಾಳಗುಪ್ಪ, ಸಾಗರ, ಆನಂದಪುರ, ಆಯನೂರು, ಶಿವಮೊಗ್ಗ ದಾಟಿ ಸೋಗಾನೆ ಮುಟ್ಟಲು ನೂರು ಕಿ.ಮೀ.ಗೂ ಹೆಚ್ಚು, ಎರಡೂವರೆ ಗಂಟೆಯಾದರೂ ಬೇಕು. ಅಲ್ಲಿ ಒಂದು ಗಂಟೆ ಮೊದಲೇ ಇರಬೇಕು. ಹಾರಾಟ ಒಂದು ಗಂಟೆ. ದೇವನಹಳ್ಳಿಯಲ್ಲಿ ಇಳಿದು ಮೆಜೆಸ್ಟಿಕ್ ಸೇರಲು ಇನ್ನೊಂದೂವರೆ ಗಂಟೆ. ಒಟ್ಟು ಆರು ಗಂಟೆ. ಅದೇ ಮನುಷ್ಯ ರಾತ್ರಿ ತಾಳಗುಪ್ಪದಲ್ಲಿ ರೈಲು ಹತ್ತಿ ಮಲಗಿದರೆ ಬೆಳಕು ಹರಿಯುವ ಮೊದಲು ಬೆಂಗಳೂರಿನಲ್ಲಿರುತ್ತಾನೆ. ಹಗಲು ಪೂರ್ತಿ ಅವನದೇ.

ಶಿವಮೊಗ್ಗ ಪೇಟೆಯವರಿಗೆ, ಬೆಂಗಳೂರಿನಲ್ಲಿ ಇನ್ನೊಂದು ವಿಮಾನ ಹಿಡಿದು ಹೊರದೇಶಕ್ಕೆ ಹೋಗುವವರಿಗೆ ಇದರಿಂದ ಉಪಕಾರವಾಗಿದೆ, ಇಲ್ಲ ಎನ್ನಲಾರೆ. ಆದರೆ ಅವರ ಅನುಕೂಲವನ್ನು ಇಡೀ ಮಲೆನಾಡಿನ ಅನುಕೂಲ ಎಂದು ಹೇಳುವುದು ತಪ್ಪು.

ದೂರ ನಿಜವಾಗಿ ಕಡಿಮೆಯಾದದ್ದು ಎಲ್ಲಿ ಎಂದು ಕೇಳಿದರೆ ನಾನು ಶರಾವತಿ ಹಿನ್ನೀರನ್ನು ತೋರಿಸುತ್ತೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ತುಮರಿ ಕಡೆಯ ಊರುಗಳು ಹೊಳೆಯ ಆಚೆ ಉಳಿದವು. ನಾಡಿಗೆ ಕರೆಂಟು ಹೋಯಿತು, ಇವರ ಪಾಲಿಗೆ ಲಾಂಚ್ ಬಂತು. ಹೊಳೆಬಾಗಿಲಿನಲ್ಲಿ ಅದಕ್ಕಾಗಿ ಕಾಯಬೇಕಿತ್ತು. ನೀರು ತಳ ಕಂಡ ಬೇಸಿಗೆಯಲ್ಲಿ ವಾಹನ ಹತ್ತಿಸುತ್ತಿರಲಿಲ್ಲ. ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೂ, ಹಾವು ಕಚ್ಚಿದರೂ ಕಾಡುದಾರಿಯಲ್ಲಿ ಸುತ್ತಿ ಬಳಸಿ ಹೋಗಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸೇತುವೆ ತೆರೆಯಿತು. ಉದ್ದ 2.44 ಕಿ.ಮೀ., ದಾಟಲು ಕೆಲವೇ ನಿಮಿಷ, ಅದೂ ಯಾವ ಹೊತ್ತಿಗಾದರೂ. ಆರು ದಶಕ ಕಾದ ಜನರಿಗೆ ಆ ಕೆಲವು ನಿಮಿಷ ಕೊಟ್ಟದ್ದನ್ನು ಸೋಗಾನೆಯ ಒಂದು ಗಂಟೆ ಕೊಡಲಾರದು.

ತೀರ್ಥಹಳ್ಳಿ, ಹೊಸನಗರದ ಕಾಯಿಲೆಯವರು ದೊಡ್ಡಾಸ್ಪತ್ರೆ ಎಂದರೆ ಇಂದಿಗೂ ಮಣಿಪಾಲಕ್ಕೇ ಹೊರಡುತ್ತಾರೆ. ಒಬ್ಬರು ಆಗುಂಬೆ ಘಾಟಿ ಇಳಿದು, ಇನ್ನೊಬ್ಬರು ಹುಲಿಕಲ್ ಇಳಿದು. ಮಳೆಗಾಲದಲ್ಲಿ ಮಣ್ಣು ಕುಸಿದರೆ ದಾರಿಯೇ ಬಂದ್. ಆ ತಿರುವುಗಳಲ್ಲಿ ಆಂಬುಲೆನ್ಸ್ ಕಳೆದುಕೊಳ್ಳುವ ಹೊತ್ತು ಯಾವ ವಿಮಾನದ ವೇಳಾಪಟ್ಟಿಯಲ್ಲೂ ಇಲ್ಲ.

ನಮ್ಮ ಪ್ರತಿನಿಧಿಗಳಲ್ಲಿ ನನ್ನ ಬೇಡಿಕೆ ಇಷ್ಟೇ: ಮುಂದಿನ ಹಣ ಈ ಎರಡು ಘಾಟಿಗಳಿಗೆ, ಸಾಗರ–ಶಿವಮೊಗ್ಗ ರಸ್ತೆಗೆ, ಹಳ್ಳಿಯ ಸಂಜೆ ಬಸ್ಸಿಗೆ ಮೊದಲು ಸಿಗಲಿ. ಬೆಂಗಳೂರು ಒಂದೇ ಗಂಟೆ ಎಂದು ಯಾರಾದರೂ ಹೇಳಿದರೆ, ಮನೆ ಬಿಟ್ಟದ್ದು ಎಷ್ಟು ಹೊತ್ತಿಗೆ ಎಂದು ದಯವಿಟ್ಟು ಕೇಳಿ.