ಶಿಲೆಯಲ್ಲಿ ಹಿಮವನ್ನು ಓದುವ ಬಗೆ

ದೇವರಾಯನದುರ್ಗದ ಇಳಿಜಾರುಗಳಲ್ಲಿ ನಿಂತ ದುಂಡು ಬಂಡೆಗಳನ್ನು ಕಂಡು, ಇವನ್ನು ಯಾವುದೋ ಪುರಾತನ ಹಿಮನದಿಯೇ ಹೊತ್ತು ತಂದು ಸುರಿದಿರಬೇಕೆಂದು ಊಹಿಸುವ ತುಮಕೂರಿನ ಬಟವಾಡಿಯ ನೂತನ ಶಿಲಾರಸಿಕನು ಮೊದಲು ಆ ಊಹೆಯನ್ನು ಬಿಡತಕ್ಕದ್ದು. ಅವು ಬಿಸಿಲು ಮಳೆಗಳಿಗೆ ಸವೆದು ಇದ್ದಲ್ಲಿಯೇ ದುಂಡಾದ ಕಲ್ಲುಗಳು. ಹಿಮದ ಕುರುಹನ್ನೇ ಅರಸುವವನು, ಚಿಕ್ಕನಾಯಕನಹಳ್ಳಿಯನ್ನು ಹಾಯ್ದು ಬಡಗಣಕ್ಕೆ ಚಾಚಿರುವ ಚಿತ್ರದುರ್ಗದ ಶಿಸ್ಟ್ ಶಿಲಾವಲಯವನ್ನು ಅನುಸರಿಸಿ, ಹೊಳಲ್ಕೆರೆ ತಾಲ್ಲೂಕಿನ ತಾಳ್ಯಕ್ಕೆ ಹೋಗಬೇಕು.

ಅಲ್ಲಿಯ ಕಾಂಗ್ಲಾಮರೇಟ್, ಎಂದರೆ ಕಲ್ಲುಗಳು ಹುದುಗಿ ಬೆಸೆದುಕೊಂಡ ಶಿಲೆಯು, ಸುಮಾರು 270 ಕೋಟಿ ವರ್ಷಗಳಷ್ಟು ಹಳೆಯದು. ಸ್ಮೀತ್ ಅವರ ನೇತೃತ್ವದ ಮೈಸೂರು ಭೂವಿಜ್ಞಾನ ಇಲಾಖೆಯವರು ಇಂಥ ಶಿಲೆಗಳನ್ನು ಭೂಚಲನೆಯಲ್ಲಿ ನುಗ್ಗಾಗಿ ಉಂಟಾದವೆಂದೇ ಬಗೆದಿದ್ದರು. ಅನಂತರದವರು ನೀರಿನಡಿಯ ಸಂಚಯವೆಂದರು. 2014ರಲ್ಲಿ ಓಜಾಕಂಗಾಸ್, ಶ್ರೀನಿವಾಸನ್, ಶ್ರೀಕಂಠಯ್ಯ ಮೊದಲಾದವರು ಇದು ಹಿಮವು ಸಮುದ್ರಕ್ಕೆ ಒಪ್ಪಿಸಿದ ನಿಕ್ಷೇಪವೆಂದು ಪ್ರತಿಪಾದಿಸಿದರು.

ಇದನ್ನು ಸವಿಯುವ ಕ್ರಮವೆಂತು? ಹೊಳೆಯು ದರ್ಜಿಯಂತೆ ಅಳತೆ ನೋಡಿ ಕಲ್ಲುಗಳನ್ನು ವಿಂಗಡಿಸುತ್ತದೆ. ಹಿಮಕ್ಕೆ ಆ ಶಿಸ್ತಿಲ್ಲ. ಆದುದರಿಂದ ಗಾತ್ರಕ್ಕನುಗುಣವಾಗಿ ವಿಂಗಡವಾಗದ ನಾನಾ ಜಾತಿಯ ಕಲ್ಲುಗಳು ಒಂದನ್ನೊಂದು ಮುಟ್ಟದೆ ನಯವಾದ ಕೆಸರುಶಿಲೆಯಲ್ಲಿ ಹುದುಗಿರುವುದನ್ನು ಗಮನಿಸಬೇಕು. ಇಷ್ಟೇ ಸಾಲದು, ಕಡಲಡಿಯ ಇಳಿಜಾರಿನಲ್ಲಿ ಜಾರಿದ ಕೆಸರಿನ ಪ್ರವಾಹವೂ ಇದೇ ವೇಷವನ್ನು ಧರಿಸಬಲ್ಲುದು. ನಿರ್ಣಾಯಕವಾದುದು ಒಂಟಿ ಕಲ್ಲು. ತೇಲುವ ಹಿಮಗಡ್ಡೆ ಕರಗುತ್ತಿರಲು ಅದರೊಡಲಿಂದ ಕಳಚಿದ ಕಲ್ಲು, ನಿಶ್ಚಲ ಜಲದಲ್ಲಿ ನಿಧಾನವಾಗಿ ಕೂಡಿದ ತೆಳುಪದರಗಳನ್ನು ಚುಚ್ಚಿ ತಗ್ಗಿಸುತ್ತದೆ, ಮೇಲಿನ ಪದರಗಳು ಅದನ್ನು ಮೆಲ್ಲನೆ ಹೊದೆಯುತ್ತವೆ. ಅಂಥ ಕಲ್ಲನ್ನು ಸಾಗಿಸಬಲ್ಲ ಹರಿವು ಅಷ್ಟು ನಯವಾದ ಕೆಸರನ್ನು ಅಲ್ಲಿ ನಿಲ್ಲಗೊಡುತ್ತಿರಲಿಲ್ಲ. ಕಲ್ಲಿನ ಮೇಲೂ ಕೆಳಗೂ ಪದರಗಳು ಸಮಸಮವಾಗಿ ಬಳಸಿದ್ದರೆ ಮಾತ್ರ ಜೋಕೆ: ಅದು ಅನಂತರದ ಅದುಮಿಕೆಯ ಕೈವಾಡವಾಗಿರಬಹುದು.

ಹಿಮದ ಮತ್ತೊಂದು ಕುರುಹು ಗೀರು. ಮಹಾರಾಷ್ಟ್ರದ ಚಂದ್ರಪುರದ ಬಳಿಯ ಇರೈ ನದಿಯಲ್ಲಿ, ಕೇವಲ 30 ಕೋಟಿ ವರ್ಷಗಳ ಹಿಂದಿನ ಹಿಮವು ಶಿಲಾತಳದ ಮೇಲೆ ಎಳೆದ ಗೀರುಗಳು ಇಂದಿಗೂ ಕಾಣುವುದುಂಟು. ತಾಳ್ಯದ ಕಲ್ಲುಗಳೋ ಒತ್ತಡಕ್ಕೆ ಸಿಲುಕಿ ಜಗ್ಗಿ ನೀಳವಾದವು. ಅವುಗಳಲ್ಲಿ ಗೀರುಗಳನ್ನೇ ಕಾಣಬೇಕೆಂದು ಹಟ ಹಿಡಿಯುವುದು ರಸಿಕತೆಯಲ್ಲ. ಬದಲಾಗಿ ಪದರವು ಎಲ್ಲಿಯವರೆಗೆ ಸಾಗುತ್ತದೆ, ಕೆಳಗೇನಿದೆ, ಮೇಲೇನಿದೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸುತ್ತ ನಡೆಯಬೇಕು. ಒಂದು ಬಂಡೆ ಹೇಳದುದನ್ನು ಪ್ರದೇಶವು ಹೇಳೀತು.

ನನ್ನ ಮಟ್ಟಿಗೆ ಹಿಮವಾದವೇ ಹೆಚ್ಚು ಗ್ರಾಹ್ಯವೆನಿಸುತ್ತದೆ. ಹೋಗುವವರು ಭೂತಗನ್ನಡಿಯನ್ನೂ ನಕ್ಷೆಯನ್ನೂ ಒಯ್ಯಲಿ. ಸುತ್ತಿಗೆಯನ್ನು ದಯಮಾಡಿ ಮನೆಯಲ್ಲಿಯೇ ಬಿಟ್ಟುಹೋಗಲಿ.