‘ಸಿಯೆರಾ ಮಾಡ್ರೆಯ ನಿಧಿ’ : ಒಂದು ಚಿತ್ರವಿಮರ್ಶೆ

‘ದಿ ಟ್ರೆಷರ್ ಆಫ್ ದಿ ಸಿಯೆರಾ ಮಾಡ್ರೆ’ ಎಂಬ ಚಿತ್ರಪಟವು 1948ರಲ್ಲಿ ಹಾಲಿವುಡ್ಡಿನ ವಾರ್ನರ್ ಬ್ರದರ್ಸ್ ಸಂಸ್ಥೆಯಿಂದ ಹೊರಬಿದ್ದಿತು. ಬಿ. ಟ್ರೇವನ್ ಎಂಬ ಗುಪ್ತನಾಮದ ಲೇಖಕನು 1927ರಲ್ಲಿ ಪ್ರಕಟಿಸಿದ ಕಾದಂಬರಿಯೇ ಇದಕ್ಕೆ ಮೂಲ. ಮೆಕ್ಸಿಕೋ ದೇಶದಲ್ಲಿ ಹೊಟ್ಟೆಗಿಲ್ಲದೆ ಅಲೆಯುತ್ತಿದ್ದ ಡಾಬ್ಸ್, ಕರ್ಟಿನ್ ಎಂಬಿಬ್ಬರು ಹೋವರ್ಡ್ ಎಂಬ ವೃದ್ಧನೊಡನೆ ಚಿನ್ನವನ್ನರಸುತ್ತ ಪರ್ವತವನ್ನೇರುವರು. ಚಿನ್ನವು ದೊರೆಯುವುದು, ನಂಬಿಕೆಯು ಅಳಿಯುವುದು. ಡಾಬ್ಸನ ಸಂದೇಹವು ಹುಚ್ಚಾಗಿ ಬೆಳೆಯುವ ಪರಿಯನ್ನು ಹಂಫ್ರಿ ಬೋಗಾರ್ಟನು ತೋರಿಸಿರುವ ಬಗೆ ಲೋಕಪ್ರಸಿದ್ಧವಾದುದು. ಅದನ್ನಿಲ್ಲಿ ಮತ್ತೆ ಹೊಗಳಬೇಕಾದುದಿಲ್ಲ.

ನಮ್ಮ ಸೀಮೆಯವರು ಕಣ್ಣಿಟ್ಟು ನೋಡಬೇಕಾದುದು ನಡುವಣ ಒಂದು ಚಿಕ್ಕ ಸನ್ನಿವೇಶವನ್ನು. ಬೇಕಾದಷ್ಟು ಚಿನ್ನ ಕೂಡಿದ ಬಳಿಕ ಹೊರಡುವ ಮಾತು ಬರುವುದು. ಹೋವರ್ಡನಾದರೋ ಇನ್ನೂ ಒಂದು ವಾರ ನಿಲ್ಲಬೇಕೆನ್ನುವನು. ಗಣಿಯನ್ನು ಕೆಡವಿ, ಬೆಟ್ಟಕ್ಕೆ ತಾವು ಮಾಡಿದ ಗಾಯವನ್ನು ಮುಚ್ಚಿಯೇ ಇಳಿಯಬೇಕೆಂಬುದು ಅವನ ನೇಮ. ಡಾಬ್ಸನಿಗೆ ಇದು ವಿಚಿತ್ರವಾಗಿ ತೋರುವುದು. ಆದರೂ ಮೂವರೂ ಆ ಕೆಲಸಕ್ಕೆ ಕೈಹಚ್ಚುವರು. ನಿರ್ದೇಶಕ ಜಾನ್ ಹಸ್ಟನ್ನನು ಇದನ್ನು ಉಪದೇಶವಾಗಿಸದೆ, ಕಸುಬು ಬಲ್ಲವನೊಬ್ಬನ ಸಹಜವಾದ ಮಾತಾಗಿ ಆಡಿಸಿರುವನು. ವೃದ್ಧನ ಪಾತ್ರ ವಹಿಸಿದವನು ಆತನ ತಂದೆ ವಾಲ್ಟರ್ ಹಸ್ಟನ್. ತಂದೆ ಮಕ್ಕಳಿಬ್ಬರಿಗೂ ಅಕಾಡೆಮಿ ಪ್ರಶಸ್ತಿ ಬಂದುದು ಯೋಗ್ಯವೇ ಸರಿ.

ನಿಧಿಯಾಸೆಯಿಂದ ಹಂಪೆಯ ಗುಡಿಗಳಲ್ಲಿ ಅಗೆದ ಕೈಗಳನ್ನು ನಾವು ಬಲ್ಲೆವು. ಸಂಡೂರಿನ ಬೆಟ್ಟಗಳ ನಿಧಿಯಾದರೋ ಕಬ್ಬಿಣದ ಅದಿರು. ಈ ಶತಮಾನದ ಮೊದಲ ದಶಕದಲ್ಲಿ ಚೀಣಾ ದೇಶದ ಬೇಡಿಕೆಯಿಂದ ಅದರ ಬೆಲೆಯೇರಲು, ಹೊಸಪೇಟೆಯ ದಾರಿಯುದ್ದಕ್ಕೂ ಲಾರಿಗಳ ಸಾಲು ಹತ್ತಿತು. ಮರದ ಎಲೆಗಳು ಹಸುರನ್ನು ಮರೆತು ಕೆಂಪಾದವು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಮುಂದೆ ಒಪ್ಪಿಗೆ ಕೊಡುವಾಗ, ಕೆಡಿಸಿದ ನೆಲವನ್ನು ಸರಿಪಡಿಸುವ ಯೋಜನೆಯನ್ನು ಕಡ್ಡಾಯ ಮಾಡಿತು. ಹೋವರ್ಡನು ಯಾರ ಆಜ್ಞೆಯೂ ಇಲ್ಲದೆ ಮಾಡಿದುದನ್ನು ಇಲ್ಲಿ ನ್ಯಾಯಪೀಠವು ವಿಧಿಸಬೇಕಾಯಿತು. ಅವನದು ಗುದ್ದಲಿಯಿಂದ ತೋಡಿದ ಗಣಿ, ವಾರದಲ್ಲಿ ಮುಚ್ಚುವಂಥದು. ನಮ್ಮ ಬೆಟ್ಟಗಳಿಗೆ ಒಂದು ತಲೆಮಾರಾದರೂ ಸಾಕಾದೀತೆ?

ಚಿತ್ರದಲ್ಲಿ ದೋಷಗಳಿಲ್ಲದಿಲ್ಲ. ಮ್ಯಾಕ್ಸ್ ಸ್ಟೈನರನ ವಾದ್ಯಮೇಳವು ಮೌನವಿರಬೇಕಾದೆಡೆಯಲ್ಲಿಯೂ ಮೊಳಗುವುದು. ಆ ನಾಡಿನ ಜನರು ಹೆಚ್ಚಾಗಿ ದರೋಡೆಕಾರರಾಗಿ, ಇಲ್ಲವೆ ಮುಗ್ಧ ಹಳ್ಳಿಗರಾಗಿ ಮಾತ್ರ ಕಾಣಿಸಿಕೊಳ್ಳುವರು.

ಕೊನೆಯಲ್ಲಿ ಡಾಬ್ಸನನ್ನು ಕೊಂದ ದರೋಡೆಕಾರರು ಚೀಲದೊಳಗಿನ ಚಿನ್ನದ ಪುಡಿಯನ್ನು ಮರಳೆಂದು ಸುರಿದುಬಿಡುವರು. ಗಾಳಿ ಅದನ್ನು ಮರಳಿ ಬೆಟ್ಟದ ಕಡೆಗೆ ಒಯ್ಯುವುದು. ಹೋವರ್ಡನು ಬಿದ್ದು ಬಿದ್ದು ನಗುವನು. ಈ ಮುಕ್ತಾಯವನ್ನು ಕವಿಯ ಕೃತಕ ಯುಕ್ತಿಯೆಂದು ಕೆಲವರು ಭಾವಿಸಬಹುದು. ನನಗೆ ಹಾಗೆ ತೋರದು. ಬೆಟ್ಟದ ಸಾಲವನ್ನು ವಾರದ ಬೆವರಿನಿಂದ ಆಗಲೇ ತೀರಿಸಿ ಬಂದವನಾದುದರಿಂದಲೇ ಆ ವೃದ್ಧನಿಗೆ ಅಂತಹ ನಗೆ ಬಂದಿತು.